ಲಿವರ್ ರೈಫಲ್ಲಿಗೆ ಹಗುರ ತೋಟಾ: ಈಡು ಚೆದುರಿದಾಗ ದೋಷ ಹುಡುಕುವ ಕ್ರಮ

ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ನೆಲೆಸಿರುವ ಹಾಸನದ ಕಡೆಯ ಕಿರಿಯ ಗೆಳೆಯರೊಬ್ಬರು ಹೋದ ಬೇಸಿಗೆಯಲ್ಲಿ ಎರಡು ಗುರಿಹಾಳೆಗಳನ್ನೂ ಒಂದು ಡಬ್ಬಿ ಸುಟ್ಟ ಕೇಸುಗಳನ್ನೂ (ಗುಂಡು ಹೋದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕವಚಗಳನ್ನೂ) ತಂದು ನನ್ನ ಮೇಜಿನ ಮೇಲಿಟ್ಟರು. ಮೊದಲ ಹಾಳೆಯಲ್ಲಿ ಅಂಗಡಿಯಿಂದ ತಂದ 150 ಗ್ರೇನಿನ ಜಿಂಕೆ ತೋಟಾದ ಐದು ತೂತುಗಳು ಅಂಗೈಯಗಲದೊಳಗೆ ಕೂತಿದ್ದವು. ಎರಡನೆಯದರಲ್ಲಿ ಅವರೇ ಮನೆಯಲ್ಲಿ ತುಂಬಿದ ಹಗುರ ತೋಟಾದ ಐದು ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದ್ದವು. ಅದರಲ್ಲೂ ಅಡ್ಡಕ್ಕಿಂತ ಮೇಲೆ-ಕೆಳಗೆ ಹೆಚ್ಚು ಹರಡಿದ್ದವು. ನಡುವೆ ಒಮ್ಮೆ ಲಿವರ್ (ಪ್ರತಿ ಈಡಿನ ನಂತರ ಕೆಳಕ್ಕೆ ತಳ್ಳಿ ಮೇಲೆತ್ತಿ ಸುಟ್ಟ ಕೇಸನ್ನು ಹೊರಹಾಕಿ ಹೊಸ ತೋಟಾ ಏರಿಸುವ ಹಿಡಿ) ಸಿಕ್ಕಿಕೊಂಡು, ತೋಟಾವನ್ನು ಚಾಕುವಿನ ತುದಿಯಿಂದ ಬಿಡಿಸಬೇಕಾಯಿತಂತೆ. “ನಳಿಗೆ ಸವೆದುಹೋಗಿದೆ ಅನ್ಸುತ್ತೆ ಅಣ್ಣ, ಹೊಸದು ಹಾಕಿಸ್ಬೇಕಾ?” ಎಂದು ಕೇಳಿದರು. ಮೊದಲ ಹಾಳೆಯೇ ಅದಕ್ಕೆ ಉತ್ತರವಾಗಿತ್ತು. ಸವೆದ ನಳಿಗೆ ಒಂದು ತೋಟಾಕ್ಕೆ ಅಂಗೈಯಗಲ, ಇನ್ನೊಂದಕ್ಕೆ ತಟ್ಟೆಯಗಲ ಎಂದು ಭೇದ ಮಾಡುವುದಿಲ್ಲ. ದೋಷ ತೋಟಾದಲ್ಲಿತ್ತು, ಅದೂ ಒಂದಲ್ಲ, ಮೂರು ದೋಷಗಳು ಒಂದರ ಮೇಲೊಂದು ಕೂತಿದ್ದವು. ಅವನ್ನು ಬಿಡಿಸಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಅವರ ರೈಫಲ್ಲು .30-30 ತೋಟಾದ್ದು. ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336 ಎಂಬ ಎರಡು ಮಾದರಿಗಳ ಮೂಲಕ ಅಮೆರಿಕದ ಜಿಂಕೆ ಕಾಡುಗಳಲ್ಲಿ ಮನೆಮಾತಾದ ಈ ತೋಟಾ 1895ರಲ್ಲಿ ಮಾರುಕಟ್ಟೆಗೆ ಬಂದಿತು. 150 ಗ್ರೇನಿನ ಗುಂಡನ್ನು ಸೆಕೆಂಡಿಗೆ ಸುಮಾರು 2,390 ಅಡಿ, 170 ಗ್ರೇನಿನದನ್ನು ಸುಮಾರು 2,200 ಅಡಿ ವೇಗದಲ್ಲಿ ಇದು ಕಳಿಸುತ್ತದೆ. (ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, 7,000 ಗ್ರೇನ್ ಸೇರಿದರೆ ಒಂದು ಪೌಂಡ್.) ಗೆಳೆಯರ ನೆರೆಯ ರೈತರ ಹುಲ್ಲುಗಾವಲಿನಲ್ಲಿ ಬಿಲ ತೋಡಿ ಕುದುರೆಗಳ ಕಾಲು ಮುರಿಯುವ ಭಯ ಹುಟ್ಟಿಸಿದ್ದ ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ತೂಕ ಎರಡರಿಂದ ಆರು ಕಿಲೋ. ಅದಕ್ಕೆ ಜಿಂಕೆಯ ತೋಟಾ ಬಳಸುವುದು ದುಬಾರಿ, ಭುಜಕ್ಕೂ ಪೆಟ್ಟು, ಸದ್ದೂ ವಿಪರೀತ. ಆದ್ದರಿಂದ ಹಗುರ ತೋಟಾ ಬೇಕೆನ್ನುವುದು ನ್ಯಾಯವಾದ ಆಸೆಯೇ.

ಮುಂದುವರಿಯುವ ಮೊದಲು ಕಾನೂನಿನ ಎರಡು ಮಾತು ಹೇಳಿಬಿಡಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಷ್ಟೇ ಅಲ್ಲ, ತೋಟಾವನ್ನು ಇಟ್ಟುಕೊಳ್ಳುವುದೂ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ, ಆ ಪರವಾನಗಿಯ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿರುವವರು 2019ರ ಜುಲೈ 1ರಿಂದ ಯಾವುದೇ ವನ್ಯಪ್ರಾಣಿಯ ಬೇಟೆಗೂ ಸೀಸವಿಲ್ಲದ ಗುಂಡನ್ನೇ ಬಳಸಬೇಕಾದ್ದರಿಂದ, ಕೆಳಗೆ ಹೇಳುವ ಸೀಸದ ಗುಂಡಿನ ವಿಚಾರ ಅವರಿಗೆ ಗುರಿಹಾಳೆಗೆ ಮಾತ್ರ ಅನ್ವಯಿಸುತ್ತದೆ. ಊರಿನಲ್ಲಿರುವ ಓದುಗರಿಗೆ ಹೇಳಬೇಕಾದದ್ದೇನೂ ಉಳಿದಿಲ್ಲ: ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯೂ, ಬೇಟೆಯಾಡುವುದು 1972ರ ವನ್ಯಜೀವಿ ಕಾಯಿದೆಯಡಿಯೂ ಅಪರಾಧ.

“ಹಗುರ” ಎನ್ನುವುದರಲ್ಲೇ ಇರುವ ಗೊಂದಲ

ಗೆಳೆಯರ ಮೊದಲ ತಪ್ಪು ಮಾತಿನಲ್ಲೇ ಇತ್ತು. ಹಗುರ ತೋಟಾ ಎಂದರೆ ಹಗುರ ಗುಂಡು ಎಂದಾಗಬಹುದು, ಕಡಿಮೆ ಮದ್ದು ಎಂದೂ ಆಗಬಹುದು. ಇವೆರಡೂ ಬೇರೆ ಬೇರೆ ವಸ್ತುಗಳು, ಇವುಗಳ ದೋಷಗಳೂ ಬೇರೆ. 110ರಿಂದ 130 ಗ್ರೇನಿನ ಗುಂಡಿಗೆ ಪೂರ್ತಿ ಮದ್ದು ಹಾಕಿದರೆ ಗುಂಡು ಜಿಂಕೆಯ ಗುಂಡಿಗಿಂತ ವೇಗವಾಗಿ ಹೋಗುತ್ತದೆ. ಒಳಗಿನ ಒತ್ತಡ ಜಿಂಕೆಯ ತೋಟಾದಷ್ಟೇ ಇರುತ್ತದೆ. ಭುಜಕ್ಕೆ ಬೀಳುವ ಪೆಟ್ಟು ಸ್ವಲ್ಪವೇ ಕಡಿಮೆಯಾಗುತ್ತದೆ. .30-30ಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 42,000 ಪೌಂಡ್, ಅದು ಗುಂಡಿನ ತೂಕ ನೋಡಿ ಸಡಿಲವಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ಮದ್ದನ್ನೇ ಇಳಿಸಿ ಸೆಕೆಂಡಿಗೆ 1,400ರಿಂದ 1,800 ಅಡಿ ವೇಗಕ್ಕೆ ತರುತ್ತಾರೆ. ಆಗ ಸದ್ದು, ಪೆಟ್ಟು, ಖರ್ಚು ಎಲ್ಲವೂ ಇಳಿಯುತ್ತವೆ. ಆದರೆ ನಿಧಾನದ ಗಟ್ಟಿ ಗುಂಡು ನೆಲಕ್ಕೆ ತಾಗಿದಾಗ ಒಡೆಯದೆ ಪುಟಿದು ಮುಂದೆ ಹೋಗುವ ಸಂಭವ ಹೆಚ್ಚು. ವೇಗದ, ತೆಳುಕವಚದ ಗುಂಡು ಮಣ್ಣಿಗೆ ತಾಗಿದ ಕೂಡಲೇ ಚೂರಾಗುವುದೇ ಸಾಮಾನ್ಯ. ಕಡಿಮೆ ಮದ್ದಿನ ತೋಟಾ “ಸುರಕ್ಷಿತ” ಎಂದು ನಂಬಿ ದನಗಳಿರುವ ಹೊಲದ ಕಡೆಗೆ ಮೂತಿ ತಿರುಗಿಸುವವರನ್ನು ನಾನು ನೋಡಿದ್ದೇನೆ. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ ಎರಡೂ ಬಗೆಯ ತೋಟಾಕ್ಕೆ ಅಲ್ಲಿ ಜಾಗವಿಲ್ಲ.

ಗೆಳೆಯರು ಮಾಡಿದ್ದು ಎರಡರ ಬೆರಕೆ. ಎಂ1 ಕಾರ್ಬೈನ್ ಎಂಬ ಗಿಡ್ಡ ಸೇನಾ ಬಂದೂಕಿಗೆಂದು ಮಾಡಿದ 110 ಗ್ರೇನಿನ ಉರುಟು ಮೂತಿಯ ಗುಂಡನ್ನು ತಂದು, ಕೈಗೆ ಸಿಕ್ಕ ಪಿಸ್ತೂಲಿನ ಮದ್ದನ್ನು ಕೈಪಿಡಿಯ ಅಂಕಿಗಿಂತಲೂ ಕೆಳಗಿಳಿಸಿ ತುಂಬಿದ್ದರು. “ಮದ್ದು ಕಡಿಮೆಯಾದ್ರೆ ಅಪಾಯವೂ ಕಡಿಮೆ ತಾನೆ?” ಎಂಬುದು ಅವರ ತರ್ಕ. ಈ ತರ್ಕ ಎಲ್ಲಿಂದ ಬಂದಿದೆಯೆಂದು ನನಗೆ ಗೊತ್ತು. ನಮ್ಮ ಮಲೆನಾಡಿನಲ್ಲಿ ದೊಡ್ಡಪ್ಪನವರು ಕೇಪಿನ ಕೋವಿಗೆ ಮದ್ದು ತುಂಬಿ, ಗಜದ ಕಡ್ಡಿ ಮೂತಿಯಿಂದ ಎಷ್ಟು ಬೆರಳು ಹೊರಗೆ ನಿಂತಿದೆಯೆಂದು ಅಳೆಯುತ್ತಿದ್ದರು. ಒಂದು ಬೆರಳು ಕಡಿಮೆಯಾದರೆ ಸದ್ದು ಸಣ್ಣದಾಗುತ್ತಿತ್ತು, ಅಷ್ಟೇ. ಕಪ್ಪು ಮದ್ದು ಅಂಥ ಉದಾರಿ. ಹೊಗೆರಹಿತ ಮದ್ದು ತನ್ನ ಸುತ್ತಲಿನ ಒತ್ತಡವನ್ನು ನೋಡಿಕೊಂಡು ಉರಿಯುತ್ತದೆ: ಒತ್ತಡ ಏರಿದಷ್ಟು ಬೇಗ ಉರಿದು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ, ಒತ್ತಡ ಸಾಲದಿದ್ದರೆ ಅರ್ಧಂಬರ್ಧ ಉರಿಯುತ್ತದೆ. ಅದಕ್ಕೆ ಮೇಲಿನ ಮಿತಿಯಂತೆಯೇ ಕೆಳಗಿನ ಮಿತಿಯೂ ಇದೆ.

ಮೊದಲು ಕೈ ನಿಲ್ಲಿಸಬೇಕಾದ ಲಕ್ಷಣಗಳು

ಈಡಿನ ಸದ್ದು ಎಂದಿನಂತೆ ಇರದೆ “ಪುಸ್” ಎಂದರೆ, ಪೆಟ್ಟು ಬಾರದಿದ್ದರೆ, ಹಾಳೆಯಲ್ಲಿ ತೂತು ಬೀಳದಿದ್ದರೆ, ಮುಂದಿನ ತೋಟಾವನ್ನು ಏರಿಸದೆ ಅಲ್ಲೇ ನಿಲ್ಲಬೇಕು. ಗುಂಡು ನಳಿಗೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹೋದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ತಾಮ್ರದ ಕವಚದ ಗುಂಡು ಸೀಸದ ಗುಂಡಿಗಿಂತ ನಳಿಗೆಯನ್ನು ಬಿಗಿಯಾಗಿ ಹಿಡಿಯುವುದರಿಂದ ತೀರ ಕಡಿಮೆ ಮದ್ದಿನಲ್ಲಿ ಸಿಕ್ಕಿಕೊಳ್ಳುವುದು ಅದೇ. ರೈಫಲ್ಲನ್ನು ಖಾಲಿ ಮಾಡಿ, ಮೂತಿಯಿಂದ ಕಡ್ಡಿ ಇಳಿಸಿ, ಅದು ಬೋಲ್ಟಿನ (ನಳಿಗೆಯ ಹಿಂಬಾಯಿ ಮುಚ್ಚುವ ಲೋಹದ ತುಂಡಿನ) ಮುಖದವರೆಗೆ ಇಳಿಯುತ್ತದೆಯೇ ಎಂದು ನೋಡುವುದೊಂದೇ ನಂಬಬಹುದಾದ ಪರೀಕ್ಷೆ. ಬಯಲಿನ ಬೆಳಕಿನಲ್ಲಿ ಕಣ್ಣು ಮೋಸಹೋಗುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆದಾಗ “ಟಕ್” ಎಂಬ ಸದ್ದು ಮಾತ್ರ ಬಂದರೆ ಮೂತಿಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು.

ಎರಡನೆಯ ಎಚ್ಚರಿಕೆ ಮದ್ದು ತುಂಬುವ ಮೇಜಿಗೆ ಸೇರಿದ್ದು. ಯೂನಿಕ್‌ನಂಥ ಬೇಗ ಉರಿಯುವ ಮದ್ದಿನ ಹಗುರ ಪ್ರಮಾಣ .30-30 ಕೇಸಿನ ತಳದಲ್ಲಿ ಮಾತ್ರ ಕಾಣುತ್ತದೆ. ಮೈಮರೆತು ಎರಡನೇ ಸಲ ಸುರಿದರೂ ಹೊರಚೆಲ್ಲುವುದಿಲ್ಲ. ಹಾಗೆ ಎರಡು ಪಾಲು ಸೇರಿದ ತೋಟಾ ರೈಫಲ್ಲನ್ನು ಒಡೆಯಬಲ್ಲದು. ಮದ್ದು ಹಾಕಿದ ಎಲ್ಲ ಕೇಸುಗಳನ್ನೂ ಮರದ ಹಲಗೆಯ ಮೇಲೆ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚಿನಿಂದ ಒಂದೊಂದರ ಒಳಗೂ ನೋಡುವುದನ್ನು ನಾನು ಈವರೆಗೆ ಒಂದು ದಿನವೂ ಬಿಟ್ಟಿಲ್ಲ. ಮೂರನೆಯದಾಗಿ, ಎಲ್ಲ ಮದ್ದನ್ನೂ ಇಳಿಸುವಂತಿಲ್ಲ. ಎಚ್ 110 ಎಂಬ ಮದ್ದನ್ನು ಪಟ್ಟಿಯಲ್ಲಿರುವ ಪ್ರಮಾಣಕ್ಕಿಂತ ನೂರಕ್ಕೆ ಮೂರಕ್ಕಿಂತ ಹೆಚ್ಚು ಇಳಿಸಬಾರದೆಂದು ಅದನ್ನು ಮಾರುವ ಕಂಪನಿಯೇ ಹೇಳುತ್ತದೆ; ನಿಧಾನ ಉರಿಯುವ ಮದ್ದುಗಳನ್ನು ತೀರ ಇಳಿಸಿದಾಗ ಒತ್ತಡ ಇಳಿಯುವ ಬದಲು ದಿಢೀರನೆ ಏರಿ ಬಂದೂಕು ಒಡೆದದ್ದೂ ಉಂಟು. ಈ ಬರಹದಲ್ಲಿ ಯಾವ ಮದ್ದಿನ ಪ್ರಮಾಣವನ್ನೂ ನಾನು ಕೊಡುತ್ತಿಲ್ಲ. ಅದನ್ನು ಮದ್ದಿನ ಅಥವಾ ಗುಂಡಿನ ತಯಾರಕರ ಈಗಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಬಾಯಿಮಾತಿನಿಂದಲ್ಲ.

ರೈಫಲ್ಲಿನ ಮೇಲಿನ ಅನುಮಾನ ಕಳೆಯುವುದು

ಹಗುರ ತೋಟಾ ಚೆದುರಿದ ದಿನವೇ, ಅದೇ ಮೇಜಿನಿಂದ, ಅಂಗಡಿಯ ಒಂದು ಪೆಟ್ಟಿಗೆ ಜಿಂಕೆ ತೋಟಾ ಹೊಡೆದು ನೋಡಬೇಕು. ಅದೂ ಚೆದುರಿದರೆ ಮಾತ್ರ ತಿರುಪು, ದೂರದರ್ಶಕದ ಹಿಡಿ, ನಳಿಗೆಯ ಕೊಳೆ ಇವುಗಳ ಕಡೆಗೆ ಹೋಗಬೇಕು. ಹೊಡೆಯುವ ರೀತಿಯಲ್ಲೂ ಲಿವರ್ ರೈಫಲ್ಲಿಗೆ ತನ್ನದೇ ಹಟಗಳಿವೆ. ಇದರ ನಳಿಗೆಗೆ ಮ್ಯಾಗಜಿನ್ ಕೊಳವೆಯೂ (ತೋಟಾಗಳನ್ನು ತುಂಬಿಡುವ ಕೊಳವೆ) ಮುಂಗಟ್ಟೂ (ಮುಂದೆ ಕೈಯಲ್ಲಿ ಹಿಡಿಯುವ ಮರದ ಭಾಗ) ಪಟ್ಟಿಗಳಿಂದ ಬಿಗಿದುಕೊಂಡಿರುವುದರಿಂದ ಬಿಸಿಯಾದಂತೆ ನಳಿಗೆ ನೇರವಾಗಿ ಹಿಗ್ಗಲಾರದೆ ಗುಂಡನ್ನು ಮೇಲಕ್ಕೋ ಪಕ್ಕಕ್ಕೋ ಒಯ್ಯುತ್ತದೆ. ಎರಡು ಈಡಿನ ನಡುವೆ ಎರಡು ನಿಮಿಷ ಬಿಡಬೇಕು. ಮರಳಿನ ಚೀಲವನ್ನು ನಳಿಗೆಯ ಕೆಳಗಲ್ಲ, ಮುಂಗಟ್ಟಿನ ಕೆಳಗೆ, ಅದರಲ್ಲೂ ಲಿವರಿನ ಪೆಟ್ಟಿಗೆಗೆ ಹತ್ತಿರವಾಗಿ ಇಡಬೇಕು. ಮೂರು ತೂತಿನ ಗುಂಪನ್ನು ನೋಡಿ ತೀರ್ಮಾನಿಸಬಾರದು. ಐದಕ್ಕಿಂತ ಕಡಿಮೆಯಿರುವ ಗುಂಪಿಗೆ ನನ್ನಲ್ಲಿ ಬೆಲೆಯಿಲ್ಲ.

ಕೇಸು ಓದುವುದು

ಗೆಳೆಯರ ಡಬ್ಬಿಯಿಂದ ಒಂದು ಕೇಸನ್ನು ತೆಗೆದು ಮೇಜಿನ ದೀಪದ ಕೆಳಗೆ ಹಿಡಿದಾಗ ಮೂರು ಸಂಗತಿ ಕಂಡವು. ಕುತ್ತಿಗೆಯ ಸುತ್ತ ಮಸಿ, ಅದೂ ಕುತ್ತಿಗೆಯಲ್ಲೇ ನಿಲ್ಲದೆ ಭುಜ ದಾಟಿ ಮೈಮೇಲೆ ಗೆರೆಗೆರೆಯಾಗಿ ಇಳಿದಿತ್ತು. ಒಳಗೆ ಉರಿಯದೆ ಉಳಿದ ಮದ್ದಿನ ಕಾಳುಗಳಿದ್ದವು. ಅಲುಗಾಡಿಸಿದರೆ ಬಿಳಿಹಾಳೆಯ ಮೇಲೆ ಸಾಸಿವೆ ಸಿಪ್ಪೆಯಂತೆ ಉದುರಿದವು. ತಳವನ್ನು ತಿರುಗಿಸಿ ಉಗುರನ್ನು ಅಡ್ಡ ಎಳೆದರೆ ಕೇಪು (ಮದ್ದಿಗೆ ಕಿಡಿ ಕೊಡುವ, ತಳದ ನಡುವಿನ ಪುಟ್ಟ ಲೋಹದ ಬಟ್ಟಲು) ಕೇಸಿನ ಮಟ್ಟಕ್ಕಿಂತ ಮೇಲೆದ್ದು ಉಗುರಿಗೆ ತಡೆಯುತ್ತಿತ್ತು.

ಮಸಿಯ ಅರ್ಥ ಸರಳ. ಸಾಕಷ್ಟು ಒತ್ತಡವಿದ್ದರೆ ಹಿತ್ತಾಳೆಯ ಕುತ್ತಿಗೆ ಹಿಗ್ಗಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗದ) ಗೋಡೆಗೆ ಅಂಟಿಕೊಂಡು ಹೊಗೆ ಹಿಂದಕ್ಕೆ ನುಸುಳದಂತೆ ಮುಚ್ಚುತ್ತದೆ. ಒತ್ತಡ ಸಾಲದಿದ್ದರೆ ಆ ಮುಚ್ಚುವಿಕೆ ತಡವಾಗಿ, ಹೊಗೆ ಸಂದಿಯಲ್ಲಿ ಹಿಂದೆ ಬರುತ್ತದೆ. ಕುತ್ತಿಗೆಯಷ್ಟಕ್ಕೆ ನಿಂತ ತೆಳು ಮಸಿ ಹಗುರ ತೋಟಾದಲ್ಲಿ ಸಹಜ, ಅದನ್ನು ದೋಷವೆನ್ನಬೇಕಾಗಿಲ್ಲ. ಭುಜ ದಾಟಿದರೆ ಮದ್ದು ಅದರ ಕೆಳಮಿತಿಗಿಂತ ಇಳಿದಿದೆ ಎಂದೋ, ಪದೇ ಪದೇ ಸುಟ್ಟು ಕುತ್ತಿಗೆ ಗಡಸಾಗಿದೆ ಎಂದೋ ತಿಳಿಯಬೇಕು. ಹೊಸ ಕೇಸಿನಲ್ಲಿ ಅದೇ ಪ್ರಮಾಣ ಹಾಕಿ ನೋಡಿದರೆ ಎರಡರಲ್ಲಿ ಯಾವುದೆಂದು ತೀರ್ಮಾನವಾಗುತ್ತದೆ.

ಎದ್ದ ಕೇಪನ್ನು ನೋಡಿ ಬಹಳ ಜನ ಹೆದರುತ್ತಾರೆ, ಒತ್ತಡ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ವಾಸ್ತವ ಅದಕ್ಕೆ ವಿರುದ್ಧ. .30-30 ಕೇಸು ತನ್ನ ತಳದ ಅಂಚಿನ ಮೇಲೆ ಚೇಂಬರಿನಲ್ಲಿ ನಿಲ್ಲುತ್ತದೆ. ಆ ಅಂಚಿಗೂ ಬೋಲ್ಟಿನ ಮುಖಕ್ಕೂ ನಡುವೆ ಕೂದಲೆಳೆಯ ಸಂದಿ ಇರುತ್ತದೆ. ಸೂಜಿ ಹೊಡೆದ ರಭಸಕ್ಕೆ ಕೇಸು ಮುಂದೆ ಸರಿಯುತ್ತದೆ, ಕೇಪು ಸಿಡಿದ ಒತ್ತಡಕ್ಕೆ ಕೇಪು ಮಾತ್ರ ಹಿಂದೆ ಬಂದು ಬೋಲ್ಟಿಗೆ ತಾಗುತ್ತದೆ. ಪೂರ್ತಿ ಮದ್ದಿನ ತೋಟಾದಲ್ಲಿ ಆಮೇಲೆ ಏರುವ ಒತ್ತಡ ಇಡೀ ಕೇಸನ್ನು ಹಿಂದಕ್ಕೆ ತಳ್ಳಿ ಕೇಪನ್ನು ಮತ್ತೆ ಅದರ ಗುಳಿಯೊಳಗೆ ಕೂರಿಸುತ್ತದೆ. ಕಡಿಮೆ ಮದ್ದಿನಲ್ಲಿ ಆ ಎರಡನೇ ತಳ್ಳುವಿಕೆ ನಡೆಯುವುದೇ ಇಲ್ಲ, ಕೇಪು ಎದ್ದಂತೆಯೇ ಉಳಿಯುತ್ತದೆ. ಆದರೂ ಇಲ್ಲೊಂದು ಪರೀಕ್ಷೆ ಬಿಡಬಾರದು: ಅಂಗಡಿಯ ತೋಟಾ ಸುಟ್ಟ ಕೇಸಿನಲ್ಲೂ ಕೇಪು ಹಾಗೆಯೇ ಎದ್ದಿದ್ದರೆ, ಅಥವಾ ತಳದಿಂದ ಸ್ವಲ್ಪ ಮೇಲೆ ಮೈಸುತ್ತ ಹೊಳೆಯುವ ಉಂಗುರ ಕಂಡರೆ, ಸಂದಿ ಮಿತಿ ಮೀರಿದೆ. ಪೇಪರ್ ಕ್ಲಿಪ್ಪಿನ ತಂತಿಯ ತುದಿಯನ್ನು ಬಗ್ಗಿಸಿ ಕೇಸಿನ ಒಳಗೋಡೆಯ ಉದ್ದಕ್ಕೂ ಎಳೆದಾಗ ಆ ಜಾಗದಲ್ಲಿ ಗುಳಿ ಸಿಕ್ಕರೆ ಕೇಸು ಎರಡು ಹೋಳಾಗಲು ಸಿದ್ಧವಾಗಿದೆ ಎಂದರ್ಥ. ಅಂಥ ಕೇಸನ್ನು ಜಜ್ಜಿ ಎಸೆದು, ರೈಫಲ್ಲನ್ನು ಕೋವಿ ರಿಪೇರಿಯವರ ಬಳಿ ಒಯ್ಯಬೇಕು. ಗೆಳೆಯರ ಅಂಗಡಿ ಕೇಸುಗಳು ಸ್ವಚ್ಛವಾಗಿದ್ದವು.

ಕೇಪಿನ ಮೇಲಿನ ಸೂಜಿಗುರುತನ್ನೂ ನೋಡಬೇಕು. ಗುರುತು ಆಳವಿಲ್ಲದೆ ಮೊದಲ ಸಲ ಸಿಡಿಯದೆ ಎರಡನೇ ಸಲ ಸಿಡಿಯುತ್ತಿದ್ದರೆ, ತುಂಬುವಾಗ ಕೇಪನ್ನು ಗುಳಿಯ ತಳದವರೆಗೆ ಕೂರಿಸಿಲ್ಲ. ಮೊದಲ ಹೊಡೆತ ಅದನ್ನು ಕೂರಿಸುವುದರಲ್ಲೇ ಮುಗಿಯುತ್ತದೆ. ಎಲ್ಲ ತೋಟಾದಲ್ಲೂ ಹಾಗೇ ಆದರೆ ಸ್ಪ್ರಿಂಗಿನ ಸುತ್ತ ಗಟ್ಟಿಗಟ್ಟಿದ ಹಳೆಯ ಗ್ರೀಸು ಕಾರಣವಿರಬಹುದು.

ಪೂರ್ತಿ ಮದ್ದಿನ ಹಗುರ ಗುಂಡಿನಲ್ಲಿ ಓದಬೇಕಾದ ಗುರುತು ಬೇರೆ: ಲಿವರ್ ಬಿಗಿಯಾಗಿ ಬಂದರೆ, ಕೇಪಿನ ಅಂಚು ಗುಂಡಗಿನ ಆಕಾರ ಕಳೆದುಕೊಂಡು ಚಪ್ಪಟೆಯಾಗಿದ್ದರೆ ಒತ್ತಡ ಮೇಲುಮಿತಿಯ ಹತ್ತಿರವಿದೆ ಅಥವಾ ಅದನ್ನು ದಾಟಿದೆ. ಬೋಲ್ಟ್ ರೈಫಲ್ಲಿನಂತೆ ಬಿಗಿ ಕೇಸನ್ನು ಎಳೆದು ತೆಗೆಯುವ ಬಲ ಲಿವರಿಗಿಲ್ಲ, ಆದ್ದರಿಂದ ಅದು ಬೇಗನೆ ದೂರುತ್ತದೆ. ಆ ದೂರನ್ನು ಕೇಳಿಸಿಕೊಂಡು ಮದ್ದು ಇಳಿಸಬೇಕು.

ಮದ್ದು ಕೇಸಿನೊಳಗೆ ಎಲ್ಲಿ ಕೂತಿದೆ

ಮೇಲೆ-ಕೆಳಗೆ ಹರಡಿದ ತೂತುಗಳಿಗೆ ಕಾರಣ ಇಲ್ಲಿತ್ತು. ಕೇಸಿನ ಕಾಲುಭಾಗವನ್ನೂ ತುಂಬದ ಮದ್ದು, ರೈಫಲ್ಲನ್ನು ಮೇಲಕ್ಕೆತ್ತಿದರೆ ಕೇಪಿನ ಕಡೆಗೂ, ಕೆಳಕ್ಕೆ ಬಾಗಿಸಿದರೆ ಗುಂಡಿನ ಕಡೆಗೂ ಸರಿಯುತ್ತದೆ. ಕೇಪಿನ ಜ್ವಾಲೆ ಒಮ್ಮೆ ಮದ್ದಿನ ಮೇಲೇ ಬೀಳುತ್ತದೆ, ಒಮ್ಮೆ ಖಾಲಿ ಜಾಗ ದಾಟಿ ಹೋಗಿ ತಾಗುತ್ತದೆ. ಪರೀಕ್ಷೆ ಹೀಗೆ: ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು, ಐದು ಈಡನ್ನು ಪ್ರತಿ ಸಲ ಮೂತಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಆಮೇಲೆ ಗುರಿಗೆ ಇಳಿಸಿ ಹೊಡೆಯಬೇಕು, ಮುಂದಿನ ಐದನ್ನು ಮೂತಿ ಕೆಳಗೆ ಬಾಗಿಸಿ ಆಮೇಲೆ ಎತ್ತಿ ಹೊಡೆಯಬೇಕು. ಈ ಎಲ್ಲ ಚಲನೆಯಲ್ಲೂ ಮೂತಿ ದಿಬ್ಬದ ಎತ್ತರ ಮೀರದಂತಿರಬೇಕು. ಗೆಳೆಯರ ತೋಟಾದಲ್ಲಿ ಎರಡು ಸಾಲಿನ ನಡುವೆ ಸೆಕೆಂಡಿಗೆ 100 ಅಡಿಗೂ ಮೀರಿದ ಅಂತರ ಬಂತು. ಸೆಕೆಂಡಿಗೆ 1,600 ಅಡಿಯಲ್ಲಿ ಹೊರಟ ಗುಂಡಿಗೂ 1,500ರಲ್ಲಿ ಹೊರಟದ್ದಕ್ಕೂ 100 ಗಜದಲ್ಲಿ, ಅಂದರೆ ಸುಮಾರು 91 ಮೀಟರಿನಲ್ಲಿ, ಗುರುತ್ವದ ಇಳಿತವೊಂದರಿಂದಲೇ ಸುಮಾರು ಒಂದು ಇಂಚಿನಷ್ಟು ವ್ಯತ್ಯಾಸವಾಗುತ್ತದೆ. ತೋಟಾದಿಂದ ತೋಟಾಕ್ಕೆ ಉರಿಯುವ ರೀತಿಯೇ ಬದಲಾದಾಗ ನಳಿಗೆಯ ಕಂಪನ, ಪೆಟ್ಟು ಎಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. ಬಿಲದಿಂದ ತಲೆಯೆತ್ತಿದ ಪ್ರಾಣಿಗೆ ಅದು ಸಾಕು ತಪ್ಪಿಸಿಕೊಳ್ಳಲು.

ಖಾಲಿ ಜಾಗಕ್ಕೆ ಹತ್ತಿಯಂಥ ನಾರು ತುರುಕುವ ಹಳೆಯ ಪದ್ಧತಿಯೊಂದಿದೆ. ಅದರಿಂದ ವೇಗ ಸಮವಾಗುತ್ತದೆ, ನಿಜ. ಆದರೆ ತುರುಕಿದ್ದು ಮದ್ದಿನೊಡನೆ ಸೇರಿ ಗುಂಡಿನ ತಳಕ್ಕೆ ಬಡಿದು ಚೇಂಬರಿನಲ್ಲಿ ಉಂಗುರ ಮೂಡಿಸಿದ ಉದಾಹರಣೆಗಳನ್ನು ಕೇಳಿದ ಮೇಲೆ ನಾನು ಆ ದಾರಿ ಬಿಟ್ಟೆ. ಮದ್ದನ್ನೇ ಬದಲಾಯಿಸುವುದು ಮೇಲು. ಎಚ್ 4895 ಎಂಬ ಮದ್ದಿಗೆ ಅದನ್ನು ಮಾರುವ ಹಾಡ್ಜ್‌ಡನ್ ಕಂಪನಿಯೇ ಒಂದು ಸೂತ್ರ ಕೊಟ್ಟಿದೆ: ಆ ತೋಟಾಕ್ಕೂ ಗುಂಡಿಗೂ ಅವರ ಪಟ್ಟಿಯಲ್ಲಿ ಆ ಮದ್ದಿನ ಗರಿಷ್ಠ ಪ್ರಮಾಣ ಏನಿದೆಯೋ ಅದರ ನೂರಕ್ಕೆ 60ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಲೆಕ್ಕ ಮಾತ್ರ ತೋರಿಸುವುದಾದರೆ, ಪಟ್ಟಿ 30 ಎಂದರೆ ಕೆಳಮಿತಿ 18. ಈ ಮದ್ದು ಕೇಸನ್ನು ಯೂನಿಕ್‌ಗಿಂತ ಬಹಳ ಹೆಚ್ಚು ತುಂಬುವುದರಿಂದ ಅತ್ತಿತ್ತ ಸರಿಯುವ ಕಾಟ ಕಡಿಮೆ. ಎರಡು ಪಾಲು ಬಿದ್ದರೆ ಬಾಯಿಯವರೆಗೆ ತುಂಬಿ ಅಥವಾ ಹೊರಚೆಲ್ಲಿ ಕಣ್ಣಿಗೆ ಬೀಳುತ್ತದೆ. ಇದೇ ಸೂತ್ರವನ್ನು ಬೇರೆ ಮದ್ದಿಗೆ ಹಚ್ಚಬಾರದು.

ಲಿವರ್ ಸಿಕ್ಕಿಕೊಂಡರೆ

ಆ ಚಾಕುವಿನ ವಿಷಯಕ್ಕೆ ಬರುತ್ತೇನೆ. ತುಂಬಿದ ತೋಟಾದ ಕೇಪಿನ ಹತ್ತಿರ ಚೂಪಾದ ಲೋಹ ಒಯ್ಯಬಾರದು. ಮೂತಿಯನ್ನು ದಿಬ್ಬಕ್ಕೆ ಹಿಡಿದು, ಲಿವರನ್ನು ನಿಧಾನವಾಗಿ ಅರ್ಧ ತೆರೆದು, ಮರದ ಕಡ್ಡಿಯಿಂದ ಸಾಲಿನಲ್ಲಿ ನಂತರ ಬರುವ ತೋಟಾವನ್ನು ಕೊಳವೆಯೊಳಕ್ಕೆ ತಳ್ಳಬೇಕು. ಅದೇ ದೋಷದ ಸುಳಿವು ಕೂಡ. ಕೊಳವೆ ಮ್ಯಾಗಜಿನಿನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಎತ್ತುವ ಹಲಗೆಯ ಮೇಲೆ ಬಂದ ತೋಟಾ ತೀರ ಗಿಡ್ಡವಾದರೆ ಸಾಲಿನಲ್ಲಿ ಅದರ ನಂತರ ಬರುವ ತೋಟಾದ ಅಂಚೂ ಹಲಗೆಯ ಮೇಲೆ ಇಣುಕಿ ಅದನ್ನು ಏಳಗೊಡುವುದಿಲ್ಲ. ಉದ್ದದ ಮೇಲುಮಿತಿ 2.550 ಇಂಚು; ಕೆಳಮಿತಿ ರೈಫಲ್ಲಿನಿಂದ ರೈಫಲ್ಲಿಗೆ ಬೇರೆಯಾಗಿರುತ್ತದೆ. ಮದ್ದೂ ಕೇಪೂ ಇಲ್ಲದ ಆರು ಡಮ್ಮಿ ತೋಟಾಗಳನ್ನು ಬೇರೆ ಬೇರೆ ಉದ್ದಕ್ಕೆ ಮಾಡಿ ಲಿವರನ್ನು ಚುರುಕಾಗಿ ಆಡಿಸಿ ಅದನ್ನು ಕಂಡುಹಿಡಿಯಬೇಕು. ಚುರುಕಾಗಿ ಎಂದದ್ದು ಸುಮ್ಮನೆ ಅಲ್ಲ: ಅಂಜಿ ಅಂಜಿ ಆಡಿಸುವ ಲಿವರ್ ಒಳ್ಳೆಯ ತೋಟಾದಲ್ಲೂ ತಡೆಯುತ್ತದೆ.

ಗೆಳೆಯರ ತೋಟಾಗಳು ತುಂಬುವಾಗ ಗಿಡ್ಡವಿರಲಿಲ್ಲ, ಕೊಳವೆಯೊಳಗೆ ಗಿಡ್ಡವಾಗಿದ್ದವು. ಕಾರ್ಬೈನಿನ ತೋಟಾ ಚೇಂಬರಿನಲ್ಲಿ ಕೇಸಿನ ಬಾಯಿಯ ಮೇಲೆ ನಿಲ್ಲುವುದರಿಂದ ಆ ಬಾಯನ್ನು ಒಳಕ್ಕೆ ಮಡಚುವಂತಿಲ್ಲ. ಅದಕ್ಕೇ ಅದರ ಗುಂಡುಗಳಲ್ಲಿ ಹಲವಕ್ಕೆ ಕ್ರಿಂಪ್ (ಆ ಮಡಿಕೆ) ಹಿಡಿಯುವ ಸುತ್ತುಗೀರು ಇರುವುದಿಲ್ಲ. ಗೀರಿಲ್ಲದ ಗುಂಡನ್ನು ಮ್ಯಾಗಜಿನ್ ಸ್ಪ್ರಿಂಗಿನ ಒತ್ತು ಮತ್ತು ಈಡಿನ ಕುಲುಕು ಸೇರಿ ಕೇಸಿನೊಳಕ್ಕೆ ತಳ್ಳುತ್ತವೆ. ಇದರಿಂದ ಸಿಕ್ಕಿಕೊಳ್ಳುವುದಷ್ಟೇ ಅಲ್ಲ, ಪೂರ್ತಿ ಮದ್ದಿನ ತೋಟಾವಾದರೆ ಒತ್ತಡವೂ ಏರುತ್ತದೆ. ಕೊಳವೆ ತುಂಬ ತೋಟಾ ಹಾಕಿ, ಕೊನೆಗೆ ಹೊರಬರುವ ಒಂದಕ್ಕೆ ಮಾರ್ಕರಿನಿಂದ ಗುರುತು ಮಾಡಿ, ಉಳಿದವನ್ನು ಹೊಡೆದ ಮೇಲೆ ಅದನ್ನು ಕ್ಯಾಲಿಪರಿನಲ್ಲಿ ಅಳೆದರೆ ಸಾಕು. ಗೆಳೆಯರದು ಕಣ್ಣಿಗೇ ಕಾಣುವಷ್ಟು ಕುಸಿದಿತ್ತು.

ಪರಿಹಾರ ಗೀರಿರುವ, ಚಪ್ಪಟೆ ಮೂತಿಯ 125 ಅಥವಾ 130 ಗ್ರೇನಿನ ಗುಂಡು; .30-30ಕ್ಕೆಂದೇ ಮಾಡಿದವು ಸಿಗುತ್ತವೆ. ಚೂಪು ಮೂತಿಯ ಗುಂಡನ್ನು ಕೊಳವೆಯಲ್ಲಿ ಸಾಲಾಗಿ ಹಾಕಲೇಬಾರದು, ಅದರ ತುದಿ ಮುಂದಿನ ತೋಟಾದ ಕೇಪಿನ ಮೇಲೇ ಕೂತಿರುತ್ತದೆ. ಕ್ರಿಂಪ್ ಸಮವಾಗಬೇಕಾದರೆ ಕೇಸುಗಳ ಉದ್ದವೂ ಸಮವಾಗಿರಬೇಕು: ಗರಿಷ್ಠ 2.039 ಇಂಚು, ಕತ್ತರಿಸುವುದು 2.030ಕ್ಕೆ. ಉದ್ದ ಕೇಸಿಗೆ ಕ್ರಿಂಪ್ ಹೆಚ್ಚಾಗಿ ಭುಜ ಉಬ್ಬುತ್ತದೆ, ಆಗ ತೋಟಾ ಮುಕ್ಕಾಲುಪಾಲು ಹೋಗಿ ನಿಂತು ಲಿವರ್ ಮುಚ್ಚುವುದಿಲ್ಲ. ಗಿಡ್ಡ ಕೇಸಿಗೆ ಕ್ರಿಂಪೇ ಹಿಡಿಯುವುದಿಲ್ಲ.

ಎರಕದ ಸೀಸದ ಗುಂಡಿನಲ್ಲಿ

ಹಾಳೆಯಲ್ಲಿ ತೂತು ಉರುಟಾಗಿರದೆ ಕೀಲಿಕೈ ತೂತಿನಂತೆ ಉದ್ದವಾಗಿದ್ದರೆ ಗುಂಡು ಅಡ್ಡ ತಿರುಗಿ ಹೋಗಿದೆ. ಮಾರ್ಲಿನ್ ನಳಿಗೆಯ ಸುರುಳಿ 10 ಇಂಚಿಗೆ, ವಿಂಚೆಸ್ಟರಿನದು 12 ಇಂಚಿಗೆ ಒಂದು ಸುತ್ತು. ಗಿಡ್ಡ ಹಗುರ ಗುಂಡಿಗೆ ಎರಡೂ ಸಾಕಾಗುತ್ತವೆ, ಸುರುಳಿಯನ್ನು ದೂರಬೇಕಾಗಿಲ್ಲ. ಎರಕದ ಗುಂಡು ನಳಿಗೆಯ ಸುರುಳಿಗೀರುಗಳ ತಳದಿಂದ ತಳಕ್ಕೆ ಅಳೆದ ಒಳವ್ಯಾಸಕ್ಕಿಂತ ಒಂದೆರಡು ಸಾವಿರಾಂಶ ಇಂಚು ದಪ್ಪವಿಲ್ಲದಿದ್ದರೆ ಸುರುಳಿಯನ್ನು ಹಿಡಿಯದೆ ಜಾರಿ ಸೀಸ ಬಳಿಯುತ್ತದೆ. ನಳಿಗೆಯನ್ನು ಅಳೆದು ಗುಂಡಿನ ಅಳತೆ ಆರಿಸಬೇಕು. ತಾಮ್ರದ ಗುಂಡು ಬಳಸಿದ ನಳಿಗೆಯನ್ನು ತಾಮ್ರ ಕರಗುವವರೆಗೆ ತೊಳೆದೇ ಸೀಸಕ್ಕೆ ಬದಲಾಯಿಸಬೇಕು.

ಗುಂಪು ಚೆನ್ನಾಗಿದ್ದು ಜಾಗ ತಪ್ಪಿದರೆ

ಇದು ದೋಷವಲ್ಲ. ವೇಗ, ತೂಕ ಬದಲಾದರೆ ಗುಂಡು ಬೀಳುವ ಜಾಗ ಕೆಲವು ಇಂಚು ಸರಿಯುತ್ತದೆ, ಕೆಲವೊಮ್ಮೆ ಪಕ್ಕಕ್ಕೂ. ಹಿಂದಿನ ಗುರಿಕಟ್ಟನ್ನು (ಕಣ್ಣಿನ ಹತ್ತಿರದ, ಗುರಿ ನೋಡುವ ಕಂಡಿಯನ್ನು) ಒಂದೊಂದೇ ಮೆಟ್ಟಿಲು ಏರಿಸಿ ಎಷ್ಟನೇ ಮೆಟ್ಟಿಲೆಂದು ಬರೆದಿಡಬೇಕು, ನವೆಂಬರಿನಲ್ಲಿ ಜಿಂಕೆಗೆ ಹೋಗುವ ಮೊದಲು ಇಳಿಸಬೇಕು. ನನಗಂತೂ ಕಟ್ಟನ್ನು ಮುಟ್ಟದೆ, ಜಿಂಕೆಯ ಮೆಟ್ಟಿಲಿನಲ್ಲೇ 50 ಗಜಕ್ಕೆ ಸರಿಯಾಗಿ ಬೀಳುವ ಹಗುರ ತೋಟಾವನ್ನು ಹುಡುಕುವುದೇ ಇಷ್ಟ. ಮರೆವಿಗೆ ಅವಕಾಶ ಕಡಿಮೆ.

ಗೆಳೆಯರು ಚಪ್ಪಟೆ ಮೂತಿಯ 130 ಗ್ರೇನಿನ ಗುಂಡನ್ನೂ ಎಚ್ 4895ನ್ನೂ ತಂದು, ಕೇಸುಗಳನ್ನೆಲ್ಲ 2.030ಕ್ಕೆ ಕತ್ತರಿಸಿ ಮತ್ತೆ ತುಂಬಿದರು. 100 ಗಜದಲ್ಲಿ ಐದು ತೂತು ಮೂರು ಇಂಚಿನೊಳಗೆ ಬಂದವು. ಗ್ರೌಂಡ್‌ಹಾಗಿಗೆ ಅದೂ ದೊಡ್ಡ ಗುಂಪೇ, ಆದ್ದರಿಂದ 75 ಗಜ ದಾಟಿ ಹೊಡೆಯುವುದಿಲ್ಲವೆಂದು ಅವರೇ ಗೆರೆ ಎಳೆದುಕೊಂಡರು. ಉಳಿದಿದ್ದ ಹಳೆಯ 40 ತೋಟಾಗಳನ್ನು ಬಡಿದು ಗುಂಡು ಬಿಡಿಸುವ ಸುತ್ತಿಗೆಯಿಂದ ಒಂದೊಂದಾಗಿ ಬಿಚ್ಚಿದೆವು. ಮೂವತ್ತೊಂದನೆಯದರಿಂದ ತಟ್ಟೆಗೆ ಬಿದ್ದ ಮದ್ದನ್ನು ತೂಗಿದರೆ ಉಳಿದವುಗಳ ಎರಡರಷ್ಟಿತ್ತು. ಗೆಳೆಯರು ತಕ್ಕಡಿಯನ್ನು ಸೊನ್ನೆಗೆ ತಂದು ಇನ್ನೊಮ್ಮೆ ತೂಗಿದರು, ಏನೂ ಮಾತನಾಡಲಿಲ್ಲ. ಬಿಚ್ಚಿದ ಮದ್ದನ್ನು ಡಬ್ಬಿಗೆ ಹಿಂದಕ್ಕೆ ಹಾಕದೆ ಅಂಗಳದ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿದೆವು. ಅಂದು ಸಂಜೆ ಅವರು ಅಂಗಡಿಗೆ ಹೋಗಿ ಹೊಸ ಟಾರ್ಚು ತಂದರು.